ಒಂದು ಲಾರಿಯಿಂದ ಲೋಕಸಭೆಯವರೆಗೆ: ವಿಜಯ ಸಂಕೇಶ್ವರರ ಉದ್ಯಮ ಮತ್ತು ರಾಜಕಾರಣ

ಚಾಮರಾಜನಗರ–ಗುಂಡ್ಲುಪೇಟೆ ಸೀಮೆಯ ಉಡಿಗಾಲದಂತಹ ಗ್ರಾಮಗಳಲ್ಲಿ ಬೆಳೆ ಕೈಗೆ ಬಂದ ಕೂಡಲೇ ಎದುರಾಗುವ ಪ್ರಶ್ನೆ ಸಾಗಣೆಯದು. ಅರಿಸಿನವು ಕೆಲವು ಕಾಲ ಕಾಯಬಲ್ಲದು. ಟೊಮೆಟೊ, ಬೀನ್ಸ್, ಎಲೆಕೋಸುಗಳು ಕಾಯಲಾರವು. ಕೇರಳ ಮತ್ತು ತಮಿಳುನಾಡಿನ ಪೇಟೆಗಳನ್ನು ನೆಚ್ಚಿಕೊಂಡಿರುವ ಈ ಗಡಿಭಾಗದ ವರ್ತಕರಿಗೆ ಬಾಡಿಗೆ, ಸಮಯ ಮತ್ತು ರಸ್ತೆ ಇವು ಮೂರೂ ಲಾಭನಷ್ಟವನ್ನು ನಿರ್ಧರಿಸುವ ಅಂಶಗಳು. ಆದ್ದರಿಂದ ಸಾಗಣೆಯನ್ನೇ ಬಂಡವಾಳವಾಗಿಸಿಕೊಂಡು ಬೆಳೆದು, ಮೂರು ಬಾರಿ ಲೋಕಸಭೆಯನ್ನೂ ಪ್ರವೇಶಿಸಿದ ಗದಗಿನ ವಿಜಯ ಸಂಕೇಶ್ವರರ ಜೀವನವು ಇಲ್ಲಿಯ ವಾಣಿಜ್ಯ ಸಮುದಾಯಕ್ಕೆ ಅಧ್ಯಯನಯೋಗ್ಯವಾಗಿದೆ.

ಮುದ್ರಣಾಲಯದಿಂದ ಹೆದ್ದಾರಿಗೆ

1950ರಲ್ಲಿ ಜನಿಸಿದ ಸಂಕೇಶ್ವರರದು ಪುಸ್ತಕ ಮುದ್ರಣ ಹಾಗೂ ಪ್ರಕಾಶನದಲ್ಲಿ ತೊಡಗಿದ್ದ ಮನೆತನ. ಅವರ ಕುಟುಂಬದ ಸಂಸ್ಥೆ ಹೊರತಂದ ನಿಘಂಟುಗಳು ಕರ್ನಾಟಕದ ವಿದ್ಯಾರ್ಥಿಗಳಿಗೆ ಪರಿಚಿತವೇ. ನೆಲೆಯೂರಿದ ಕುಲವೃತ್ತಿಯನ್ನು ಬಿಟ್ಟು 1976ರಲ್ಲಿ ಅವರು ಒಂದೇ ಒಂದು ಲಾರಿಯೊಡನೆ ಸಾಗಣೆ ವ್ಯವಹಾರಕ್ಕಿಳಿದರು. ಮನೆಯವರಿಗೆ ಈ ನಿರ್ಧಾರ ಒಪ್ಪಿತವಾಗಿರಲಿಲ್ಲ. ಆರಂಭದ ವರ್ಷಗಳ ನಷ್ಟವೂ ಆ ಆತಂಕವನ್ನು ಸಮರ್ಥಿಸುವಂತೆಯೇ ಇತ್ತು. ಆದರೂ ಅವರು ಹಿಂದೆಗೆಯಲಿಲ್ಲ. 1983ರಲ್ಲಿ ವಿಜಯಾನಂದ ರೋಡ್‌ಲೈನ್ಸ್ ಖಾಸಗಿ ಕಂಪನಿಯಾಗಿ ನೋಂದಣಿಗೊಂಡಿತು. ಹುಬ್ಬಳ್ಳಿ ಅದರ ಕೇಂದ್ರವಾಯಿತು.

ಸಂಸ್ಥೆಯ ಬೆಳವಣಿಗೆಯ ಗುಟ್ಟು ಇಡೀ ಲಾರಿಯ ಬಾಡಿಗೆಯಲ್ಲಿ ಇರಲಿಲ್ಲ, ಪಾರ್ಸೆಲ್ ವ್ಯವಹಾರದಲ್ಲಿ ಇತ್ತು. ಸಣ್ಣ ವರ್ತಕನ ಬಳಿ ಲಾರಿ ತುಂಬುವಷ್ಟು ಸರಕು ಇರುವುದಿಲ್ಲ. ಎರಡು ಚೀಲ, ನಾಲ್ಕು ಪೆಟ್ಟಿಗೆ ಮಾತ್ರ ಇರುತ್ತದೆ. ಅಂತಹ ನೂರಾರು ಗ್ರಾಹಕರ ಸರಕನ್ನು ಶಾಖೆಗಳಲ್ಲಿ ಸಂಗ್ರಹಿಸಿ, ದೊಡ್ಡ ಕೇಂದ್ರಕ್ಕೆ ತಂದು, ಊರುವಾರು ವಿಂಗಡಿಸಿ ಮತ್ತೆ ಸಾಗಿಸುವ ವ್ಯವಸ್ಥೆಯಲ್ಲಿ ಶಿಸ್ತು ತಪ್ಪಿದರೆ ಸರಕೂ ಹೋಗುತ್ತದೆ, ವಿಶ್ವಾಸವೂ ಹೋಗುತ್ತದೆ. ಹುಬ್ಬಳ್ಳಿ ಸಮೀಪದ ವರೂರಿನ ವಿಶಾಲ ಕೇಂದ್ರ ಈ ಪದ್ಧತಿಯ ಹೃದಯಭಾಗವಾಗಿದೆ. ವಾಹನಗಳ ದುರಸ್ತಿ, ಬಾಡಿ ಕಟ್ಟುವಿಕೆ ಮುಂತಾದ ಕಾರ್ಯಗಳನ್ನು ಸಂಸ್ಥೆಯೇ ಕೈಗೊಂಡದ್ದರಿಂದ ವೆಚ್ಚದ ಮೇಲೆ ಹಿಡಿತ ಸಾಧ್ಯವಾಯಿತು. 1996ರಲ್ಲಿ ಪ್ರಯಾಣಿಕರ ಬಸ್ಸುಗಳೂ ಸೇರಿದವು. ಮುಂದೆ ಈ ವಾಹನ ಸಮೂಹ ದೇಶದ ಅತಿದೊಡ್ಡ ಖಾಸಗಿ ವಾಣಿಜ್ಯ ವಾಹನ ಸಮೂಹಗಳಲ್ಲಿ ಒಂದಾಯಿತು.

ಸಂಸತ್ತು ಮತ್ತು ಪತ್ರಿಕೆ

1996ರಲ್ಲೇ ಸಂಕೇಶ್ವರರು ಭಾರತೀಯ ಜನತಾ ಪಕ್ಷದಿಂದ ಧಾರವಾಡ ಉತ್ತರ ಕ್ಷೇತ್ರದ ಲೋಕಸಭಾ ಸದಸ್ಯರಾದರು. 1998 ಮತ್ತು 1999ರಲ್ಲಿಯೂ ಮತದಾರರು ಅವರನ್ನೇ ಆರಿಸಿದರು. 1999ರಲ್ಲಿ 'ವಿಜಯ ಕರ್ನಾಟಕ' ದಿನಪತ್ರಿಕೆಯನ್ನು ಆರಂಭಿಸಿದರು. ದಿನಪತ್ರಿಕೆಯೂ ಒಂದು ಅರ್ಥದಲ್ಲಿ ಬೇಗ ಕೆಡುವ ಸರಕೇ. ಬೆಳಗಿನ ಎಂಟು ಗಂಟೆಯ ನಂತರ ಅದರ ಬೆಲೆ ಕುಸಿಯುತ್ತದೆ. ಕಡಿಮೆ ಬೆಲೆ, ಹಲವು ಕೇಂದ್ರಗಳಿಂದ ಮುದ್ರಣ, ಸಮಯಕ್ಕೆ ಸರಿಯಾದ ವಿತರಣೆ ಇವುಗಳಿಂದ ಕೆಲವೇ ವರ್ಷಗಳಲ್ಲಿ ಅದು ಪ್ರಸಾರದಲ್ಲಿ ಕನ್ನಡದ ಮೊದಲ ಸ್ಥಾನಕ್ಕೇರಿತು.

ಉದ್ಯಮದಲ್ಲಿ ಫಲಿಸಿದ ಸೂತ್ರ ರಾಜಕಾರಣದಲ್ಲಿ ಅದೇ ಪ್ರಮಾಣದಲ್ಲಿ ಫಲಿಸಲಿಲ್ಲ. ಬಿಜೆಪಿಯನ್ನು ತೊರೆದು ಅವರು ಕಟ್ಟಿದ ಕನ್ನಡ ನಾಡು ಪಕ್ಷಕ್ಕೆ 2004ರ ವಿಧಾನಸಭಾ ಚುನಾವಣೆಯಲ್ಲಿ 224 ಸ್ಥಾನಗಳ ಪೈಕಿ ದೊರೆತದ್ದು ಒಂದು ಮಾತ್ರ. ಅದೇ ಚುನಾವಣೆಯಲ್ಲಿ ಚಾಮರಾಜನಗರದ ಮತದಾರರು ಕನ್ನಡ ಚಳವಳಿಯ ವಾಟಾಳ್ ನಾಗರಾಜರನ್ನು ಅವರದೇ ಪಕ್ಷದಿಂದ ಗೆಲ್ಲಿಸಿದರು. ಆ ಪಕ್ಷಕ್ಕೂ ದೊರೆತದ್ದು ಒಂದೇ ಸ್ಥಾನ. ಒಬ್ಬರ ಹಿಂದೆ ಬೃಹತ್ ಉದ್ಯಮವಿತ್ತು, ಮತ್ತೊಬ್ಬರ ಹಿಂದೆ ದಶಕಗಳ ಬೀದಿ ಹೋರಾಟವಿತ್ತು. ಫಲಿತಾಂಶದ ಅಂಕಿ ಮಾತ್ರ ಸಮನಾಗಿತ್ತು. ಸರಕನ್ನು ಊರೂರಿಗೆ ತಲುಪಿಸುವ ಜಾಲವನ್ನು ಬಂಡವಾಳದಿಂದ ಕಟ್ಟಬಹುದು. ಮತಗಳ ಜಾಲಕ್ಕೆ ಬೇರೆಯೇ ಕಾಲಮಾನ ಬೇಕಾಗುತ್ತದೆ.

ಕೈಬಿಟ್ಟದ್ದು, ಮತ್ತೆ ಕಟ್ಟಿದ್ದು

2006ರಲ್ಲಿ 'ವಿಜಯ ಕರ್ನಾಟಕ'ವೂ ಸಮೂಹದ ಇತರ ಪತ್ರಿಕೆಗಳೂ ಟೈಮ್ಸ್ ಸಮೂಹಕ್ಕೆ ಮಾರಾಟವಾದವು. ಕಟ್ಟಿದ ಸಂಸ್ಥೆಯನ್ನು ಉತ್ತುಂಗದಲ್ಲಿದ್ದಾಗಲೇ ಪರಭಾರೆ ಮಾಡುವುದು ಅನೇಕ ಉದ್ಯಮಿಗಳಿಗೆ ಮನಸ್ಸೊಪ್ಪದ ಕಾರ್ಯ. ಆದರೆ ಪತ್ರಿಕೋದ್ಯಮದ ಸೆಳೆತ ಅಲ್ಲಿಗೆ ಮುಗಿಯಲಿಲ್ಲ. 2012ರಲ್ಲಿ 'ವಿಜಯವಾಣಿ' ಹೊರಬಂದಿತು, 2017ರಲ್ಲಿ ದಿಗ್ವಿಜಯ ವಾಹಿನಿ ಆರಂಭವಾಯಿತು. ಈ ನಡುವೆ ಗದಗ ಜಿಲ್ಲೆಯ ಕಪ್ಪತಗುಡ್ಡದಲ್ಲಿ ಪವನ ವಿದ್ಯುತ್ ಘಟಕವನ್ನೂ ಸಂಸ್ಥೆ ಸ್ಥಾಪಿಸಿತ್ತು. 2015ರಲ್ಲಿ ವಿಆರ್‌ಎಲ್ ಲಾಜಿಸ್ಟಿಕ್ಸ್ ಷೇರುಪೇಟೆಯನ್ನು ಪ್ರವೇಶಿಸಿತು. ಮುಂದಿನ ಪೀಳಿಗೆಯ ಆನಂದ ಸಂಕೇಶ್ವರರು ಆಡಳಿತದ ಹೊಣೆಯಲ್ಲಿ ಪಾಲ್ಗೊಂಡರು. ವಾಣಿಜ್ಯ ಮತ್ತು ಉದ್ಯಮ ಕ್ಷೇತ್ರದ ಸೇವೆಗಾಗಿ 2020ರಲ್ಲಿ ಭಾರತ ಸರ್ಕಾರ ವಿಜಯ ಸಂಕೇಶ್ವರರಿಗೆ ಪದ್ಮಶ್ರೀ ಪ್ರದಾನ ಮಾಡಿತು. 2022ರಲ್ಲಿ ಅವರ ಜೀವನವನ್ನಾಧರಿಸಿದ 'ವಿಜಯಾನಂದ' ಚಲನಚಿತ್ರ ತೆರೆಕಂಡಿತು.

ಗಡಿಭಾಗದ ವರ್ತಕರಿಗೆ

ಉದ್ಯಮಿಗೆ ರಾಜಕಾರಣವೇಕೆ ಎಂಬ ಪ್ರಶ್ನೆಗೆ ಗುಂಡ್ಲುಪೇಟೆಯ ರಸ್ತೆಗಳಲ್ಲೇ ಒಂದು ಉತ್ತರವಿದೆ. ಬಂಡೀಪುರ ಅರಣ್ಯದ ಮೂಲಕ ಕೇರಳ ಮತ್ತು ಊಟಿಯ ಕಡೆಗೆ ಸಾಗುವ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಗಿನ 6ರವರೆಗೆ ಸಂಚಾರ ನಿಷೇಧ 2009ರಲ್ಲಿ ಜಾರಿಗೆ ಬಂದಿತು. 2010ರಲ್ಲಿ ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ವನ್ಯಜೀವಿಗಳ ರಕ್ಷಣೆಗೆ ಅಗತ್ಯವಾದ ಈ ಕ್ರಮ ತರಕಾರಿ ಸಾಗಣೆಯ ವೇಳಾಪಟ್ಟಿಯನ್ನೇ ಬದಲಿಸಿತು. ಅಂದರೆ ಲಾರಿಯ ಚಕ್ರ ಯಾವ ಗಂಟೆಗೆ ಉರುಳಬೇಕೆಂಬುದನ್ನು ಮಾಲೀಕನೊಬ್ಬನೇ ತೀರ್ಮಾನಿಸುವುದಿಲ್ಲ. ಆಡಳಿತ, ನ್ಯಾಯಾಲಯ, ಸಾರ್ವಜನಿಕ ಹಿತ ಎಲ್ಲವೂ ಅದರಲ್ಲಿ ಪಾಲು ಪಡೆಯುತ್ತವೆ.

ಇಂತಹ ನಿರ್ಧಾರಗಳ ಮುಂದೆ ವರ್ತಕ ಸಮುದಾಯವು ಅಂಕಿಅಂಶಗಳೊಡನೆ ತನ್ನ ಅಹವಾಲನ್ನು ಮಂಡಿಸಬೇಕು. ಅದಕ್ಕಾಗಿ ಎಲ್ಲರೂ ಚುನಾವಣೆಗೆ ನಿಲ್ಲಬೇಕಾಗಿಲ್ಲ. ಸಂಕೇಶ್ವರರ ಜೀವನವೇ ತೋರಿಸುವಂತೆ, ಪಕ್ಷ ಬದಲಾದರೂ ಪತ್ರಿಕೆ ಕೈತಪ್ಪಿದರೂ ಉಳಿದುಬಂದದ್ದು ಸಣ್ಣ ಗ್ರಾಹಕನ ಎರಡು ಚೀಲವನ್ನು ಹೇಳಿದ ಊರಿಗೆ ಒಯ್ದು ಮುಟ್ಟಿಸಿದ ವಿಶ್ವಾಸ. ಉಡಿಗಾಲದ ಕೃಷಿಕನಿಗೂ ಗುಂಡ್ಲುಪೇಟೆಯ ಮಂಡಿ ವರ್ತಕನಿಗೂ ಬೇಕಾದ ಬಂಡವಾಳ ಅದೇ.