ತೋಟದ ಕೆರೆಯಲ್ಲಿ ಜಿಗಣೆ

ಕುಂಬಳೆ, ಬದಿಯಡ್ಕ, ಪೆರ್ಲ ಕಡೆಯ ಅಡಿಕೆ ತೋಟಗಳಲ್ಲಿ ಸುರಂಗದ ನೀರು ಬಂದು ನಿಲ್ಲುವ ಸಣ್ಣ ಕೆರೆಗಳು ಇಂದಿಗೂ ಸಾಕಷ್ಟಿವೆ. ಅಡಿಕೆಗೆ ನೀರು ಅದರಿಂದಲೇ. ದನ ಕುಡಿಯುವುದು ಅಲ್ಲಿಯೇ. ಮಕ್ಕಳು ಈಜು ಕಲಿಯುವುದೂ ಅಲ್ಲಿಯೇ. ಇಂಥ ಕೆರೆಗೆ ಜಿಗಣೆ ಸೇರಿಕೊಂಡಿತೆಂದರೆ ಮನೆಯವರು ಮೊದಲು ಕೇಳುವ ಪ್ರಶ್ನೆ, "ಏನು ಹಾಕಿದರೆ ಸಾಯುತ್ತದೆ?" ಎಂದು. ನೀರಿಗೆ ಏನನ್ನೂ ಹಾಕದಿರುವುದೇ ಲೇಸು.

ಮಳೆಗಾಲದಲ್ಲಿ ಕಾಡುದಾರಿಯಲ್ಲಿ ಕಾಲಿಗೆ ಹತ್ತುವ ಉಂಬಳ ಬೇರೆ, ಕೆರೆಯ ಜಿಗಣೆ ಬೇರೆ. ದನಗಳಿಗೆ ಕಚ್ಚುವ ದೊಡ್ಡ ಜಿಗಣೆಯ ಬೆನ್ನು ಕಪ್ಪುಹಸಿರು, ಅಂಚು ಹಳದಿ ಇಲ್ಲವೆ ಕಿತ್ತಳೆ. ಮೈಯಲ್ಲಿ 33 ಖಂಡಗಳು. ಎರಡು ತುದಿಗಳಲ್ಲಿಯೂ ಅಂಟಿಕೊಳ್ಳುವ ಬಟ್ಟಲುಗಳು. ಬಾಯಿಯಲ್ಲಿ ಮೂರು ದವಡೆ. ಒಮ್ಮೆ ಹೊಟ್ಟೆ ತುಂಬ ರಕ್ತ ಸಿಕ್ಕಿತೆಂದರೆ ಇದು ತಿಂಗಳುಗಟ್ಟಲೆ ಉಪವಾಸವಿರಬಲ್ಲದು. ಆದುದರಿಂದ ನಾಲ್ಕು ವಾರ ದನವನ್ನು ಕೆರೆಗೆ ಇಳಿಸದಿದ್ದರೆ ಜಿಗಣೆ ಸತ್ತೀತು ಎಂಬ ಲೆಕ್ಕ ಸರಿಯಲ್ಲ. ಇನ್ನೊಂದು ಮಾತು: ನೀರಿನಲ್ಲಿ ಕಾಣುವ ಜಿಗಣೆಗಳೆಲ್ಲ ರಕ್ತ ಹೀರುವವಲ್ಲ. ಬಸವನಹುಳು, ಎರೆಹುಳು ತಿಂದು ಬದುಕುವ ಜಾತಿಗಳೂ ಇವೆ. ಅವುಗಳಿಂದ ನಮಗೆ ಕೇಡಿಲ್ಲ.

ಕೊಳೆರೋಗಕ್ಕೆ ಮದ್ದು ಬಿಡುವ ಕಾಲದಲ್ಲಿ ಮನೆಯಲ್ಲಿ ಮೈಲುತುತ್ತ ಇದ್ದೇ ಇರುತ್ತದೆ. ಉಳಿದದ್ದನ್ನು ಕೆರೆಗೆ ಸುರಿಯುವ ಆಸೆ ಸಹಜ. ಜಿಗಣೆ ಸತ್ತೀತು, ಆದರೆ ಮೀನು, ಕಪ್ಪೆಮರಿಗಳೂ ಸಾಯುವುವು, ತಾಮ್ರವು ಕೆಸರಿನಲ್ಲಿ ಕುಳಿತು ವರ್ಷವರ್ಷವೂ ಕೂಡುತ್ತಾ ಹೋಗುವುದು. ಉಪ್ಪಿನ ಮಾತನ್ನು ಲೆಕ್ಕ ಹಾಕಿಯೇ ನೋಡೋಣ. 30 ಅಡಿ ಉದ್ದ, 20 ಅಡಿ ಅಗಲ, 6 ಅಡಿ ನೀರಿರುವ ಕೆರೆಯಲ್ಲಿ ಸುಮಾರು ಒಂದು ಲಕ್ಷ ಲೀಟರ್ ನೀರು ಹಿಡಿಯುತ್ತದೆ. ನೂರಕ್ಕೆ ಅರ್ಧ ಪಾಲು ಉಪ್ಪು ಮಾಡಬೇಕಾದರೂ 500 ಕಿಲೋ ಬೇಕು. ಆ ನೀರನ್ನು ಅಡಿಕೆಗೆ ಬಿಟ್ಟರೆ ಜಿಗಣೆಗಿಂತ ಮೊದಲು ತೋಟವೇ ಹೋಗುವುದು. ಕೀಟನಾಶಕದ ಸುದ್ದಿಯಂತೂ ಬೇಡ. 1970ರ ದಶಕದ ಕೊನೆಯಿಂದ 2000ದವರೆಗೆ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎರಚಿದ ಎಂಡೋಸಲ್ಫಾನ್ ತೋಡು, ಕೆರೆಗಳಿಗೆ ಇಳಿದ ಕಥೆಯನ್ನು ಪಡ್ರೆ, ಎಣ್ಮಕಜೆಯವರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ.

ನಿಜವಾದ ಮದ್ದು ಕೆರೆಯ ಶುಚಿ. ಜಿಗಣೆಗೆ ನೆರಳು ಬೇಕು, ನಿಂತ ನೀರು ಬೇಕು, ಅಡಗಲು ಕೊಳೆತ ಹಾಳೆ, ಸೋಗೆ, ಕಲ್ಲಿನ ಸಂದು ಬೇಕು. ಇವು ಮೂರೂ ನಮ್ಮ ಕೆರೆಗಳಲ್ಲಿ ಧಾರಾಳವಾಗಿವೆ. ಮೇಲಾಗಿ ಅದು ಮೊಟ್ಟೆಯಿಡುವುದು ನೀರಿನಲ್ಲಲ್ಲ, ದಂಡೆಯ ಒದ್ದೆ ಮಣ್ಣಿನಲ್ಲಿ. ಏಪ್ರಿಲಿನಿಂದ ಜೂನಿನವರೆಗೆ, ಸುಮಾರು ಒಂದು ಅಂಗುಲದ, ಹಳದಿ ಬಣ್ಣದ, ಮೆತ್ತಗಿನ ಗೂಡುಗಳನ್ನು ಮಾಡುತ್ತದೆ. ಒಂದೊಂದು ಗೂಡಿನಿಂದಲೂ ಹಲವು ಮರಿಗಳು ಹೊರಬರಬಹುದು. ಕೆರೆಯೊಳಗಿನದನ್ನು ಎಷ್ಟು ಹಿಡಿದರೂ ಮರುವರ್ಷ ಅಷ್ಟೇ ಕಾಣಿಸಿಕೊಳ್ಳುವುದಕ್ಕೆ ಕಾರಣ ಇದೇ.

ಆದುದರಿಂದ ಕೆರೆಗೆ ಇಳಿಯಬೇಕಾದ ಕಾಲವೆಂದರೆ ಮೇ ತಿಂಗಳ ಕೊನೆ. ಆಗ ನೀರು ತಳ ಕಂಡಿರುತ್ತದೆ. ಒಂದೆರಡು ಮಳೆ ಬಿದ್ದಿದ್ದರೆ ತೋಟಕ್ಕೆ ನೀರು ಬಿಡುವ ತುರ್ತೂ ಇರುವುದಿಲ್ಲ. ಸುರಂಗದ ನೀರನ್ನು ಕೊಳವೆಯಿಂದಲೋ ಅಡಿಕೆಮರದ ದಂಬೆಯಿಂದಲೋ ಬೇರೆ ಕಡೆಗೆ ತಿರುಗಿಸಿ, ಇದ್ದ ನೀರನ್ನು ಪಂಪಿನಿಂದ ತೆಗೆದು ಕೆರೆ ಬತ್ತಿಸಬೇಕು. ನೀರಾರಿದ ಕೂಡಲೆ ಜಿಗಣೆ ಕೆಸರಿನೊಳಗೆ ಹುದುಗುತ್ತದೆ. ಹೂಳನ್ನು ಪೂರ್ತಿ ತೆಗೆಯದೆ ಬರೇ ಒಣಗಿಸಿದರೆ ಕೆಲಸ ಅರೆಯಾದಂತೆ. ತೆಗೆದ ಹೂಳನ್ನು ಹಸಿಯಾಗಿ ಅಡಿಕೆಯ ಬುಡಕ್ಕೆ ಹಾಕಬೇಡಿ. ಬಿಸಿಲಿರುವ ಗುಡ್ಡದ ಬದಿಯಲ್ಲಿ ಹರಡಿ, ಗರಿಗರಿ ಒಣಗಿದ ಮೇಲೆ ಹಾಕಿದರೆ ಒಳ್ಳೆಯ ಗೊಬ್ಬರವೇ. ನೀರಿನ ಗೆರೆಯಿಂದ ಎರಡು ಅಡಿ ಮೇಲಿನವರೆಗೆ ದಂಡೆಯ ಮಣ್ಣನ್ನೂ ಹೆರೆಯಬೇಕು, ಗೂಡುಗಳಿರುವುದು ಅಲ್ಲಿ. ಕೂಲಿಯವರು ಸಾಮಾನ್ಯವಾಗಿ ಬಿಟ್ಟುಬಿಡುವ ಕೆಲಸವೂ ಇದೇ.

ಬಳಿಕ ಬರಿದಾದ ತಳಕ್ಕೆ ಸೆಂಟಿಗೆ 4ರಿಂದ 6 ಕಿಲೋದಂತೆ ಸುಟ್ಟ ಸುಣ್ಣವನ್ನು ಎರಚಬಹುದು. ಮೇಲೆ ಹೇಳಿದ ಅಳತೆಯ ಕೆರೆಗೆ 6ರಿಂದ 8 ಕಿಲೋ ಸಾಕು. ಕಣ್ಣಿಗೆ ಹಾರದಂತೆ ಎಚ್ಚರವಿರಲಿ. ನೀರು ತುಂಬಿ ಎರಡು ವಾರ ಕಳೆಯುವವರೆಗೆ ಮೀನು ಬಿಡುವುದೂ, ದನಕ್ಕೆ ಕುಡಿಸುವುದೂ, ಮಕ್ಕಳು ಇಳಿಯುವುದೂ ಬೇಡ.

ಕೆರೆ ಬತ್ತಿಸಲಾಗದವರು ಬಲೆಯೊಡ್ಡಬಹುದು. ಗೋಣಿಚೀಲವನ್ನು ಮಡಚಿ, ನಡುವೆ ಮೀನಿನ ತಲೆಯನ್ನೋ ಕೋಳಿಯ ಕರುಳನ್ನೋ ಇಟ್ಟು ಸಂಜೆ ದಂಡೆಯ ಬಳಿ ಮುಳುಗಿಸಿ. ಬೆಳಗ್ಗೆ ಮೆಲ್ಲನೆ ಎತ್ತಿ, ಸೇರಿದವನ್ನು ಗಟ್ಟಿ ಉಪ್ಪುನೀರಿನ ಬಾಲ್ದಿಗೆ ಕೊಡವಬೇಕು. ಮಾಂಸ ಮುಟ್ಟದವರು ಈ ಕೆಲಸವನ್ನು ಬೇರೆಯವರಿಂದ ಮಾಡಿಸಿಕೊಳ್ಳಲಿ! ನಾಲ್ಕು ಬಾತುಕೋಳಿ ಸಾಕಿದರೆ ಸಣ್ಣ ಜಿಗಣೆಗಳನ್ನು ಅವು ತಿನ್ನುತ್ತವೆ. ನಮ್ಮ ಊರ ಮುಗುಡು ಮೀನೂ ಆದೀತು. ಆಫ್ರಿಕದ ಮುಗುಡನ್ನು ಮಾತ್ರ ಯಾರು ಕೊಟ್ಟರೂ ತರಬೇಡಿ. ಅದು ಕೆರೆಯ ಉಳಿದ ಮೀನುಗಳನ್ನು ನುಂಗಿಹಾಕುತ್ತದೆ. ಅದರ ಸಾಕಣೆಯನ್ನು ಭಾರತ ಸರಕಾರವು 2000ದಲ್ಲಿಯೇ ನಿಷೇಧಿಸಿದೆ. ದನಕ್ಕೆ ಕಲ್ಲಮರಿಗೆಯಲ್ಲಿ ಸೋಸಿದ ನೀರು ಕೊಟ್ಟರೆ ಜಿಗಣೆಗೆ ಊಟವೂ ತಪ್ಪುವುದು.

ಕಚ್ಚಿದ ಜಿಗಣೆಯನ್ನು ಎಳೆದು ಕೀಳಬಾರದು. ಉಗುರನ್ನು ಬಾಯಿಯ ಬದಿಯಿಂದ ಜಾರಿಸಿದರೆ ಬಿಡುತ್ತದೆ. ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ದ್ರವ್ಯವಿದೆಯೆಂದು 1884ರಲ್ಲಿ ಹೇಕ್ರಾಫ್ಟ್ ಎಂಬ ವಿಜ್ಞಾನಿ ಕಂಡುಹಿಡಿದನು. ಗಾಯ ಗಂಟೆಗಟ್ಟಲೆ ಒಸರುವುದು ಇದರಿಂದ. ಸಾಬೂನಿನಲ್ಲಿ ತೊಳೆದು ಶುಚಿಯಾದ ಬಟ್ಟೆ ಒತ್ತಿ ಕಟ್ಟಿ. ಬೂದಿ, ಸೆಗಣಿ ಮೆತ್ತಬೇಡಿ.

ದನವು ಪದೇ ಪದೇ ಸೀನುತ್ತಾ ತಲೆ ಕೊಡವಿ, ಒಂದೇ ಹೊಳ್ಳೆಯಿಂದ ರಕ್ತ ಸುರಿಸಿದರೆ ಒಳಗೆ ಎಳೆ ಜಿಗಣೆ ಸೇರಿರಬಹುದೆಂದು ತಿಳಿಯಿರಿ. ಸ್ವಲ್ಪ ಹೊತ್ತು ನೀರು ಕೊಡದಿದ್ದು, ಆಮೇಲೆ ಅಗಲ ಪಾತ್ರೆಯಲ್ಲಿ ತಣ್ಣೀರನ್ನು ಮೂಗಿಗೆ ತಾಗುವಂತೆ ಹಿಡಿದರೆ ಅದು ಹೊರಕ್ಕೆ ಚಾಚುವುದುಂಟು. ಆಗ ಒರಟು ಬಟ್ಟೆಯಿಂದ ಹಿಡಿದು ತೆಗೆಯಬಹುದು. ಮೂಗಿಗೆ ಹೊಗೆಸೊಪ್ಪಿನ ನೀರನ್ನು ಹೊಯ್ಯುವ ಪದ್ಧತಿ ಅಪಾಯದ್ದು. ಹೊರಗೆ ಬಾರದಿದ್ದರೆ ಮೃಗಾಸ್ಪತ್ರೆಗೆ ಒಯ್ಯಿರಿ. ಮಕ್ಕಳ ಮೂಗು, ಗಂಟಲಿಗೆ ಸೇರಿದರಂತೂ ಮನೆಯಲ್ಲಿ ಯಾವ ಪ್ರಯೋಗವೂ ಬೇಡ, ಆ ದಿನವೇ ವೈದ್ಯರಿಗೆ ತೋರಿಸಿರಿ.