ರಾಗಿಯ ಹೊಲವೂ ಊಟದ ತಣಿಗೆಯೂ: ಗ್ರಾಮಗಳಿಗೂ ಕೃಷಿ ವಿಶ್ವವಿದ್ಯಾನಿಲಯಕ್ಕೂ ಇರತಕ್ಕ ಸಹಕಾರ

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಈ ನಾಲ್ಕು ತಾಲ್ಲೂಕುಗಳ ಖುಷ್ಕಿ ಜಮೀನುಗಳಿಗೆ ರಾಗಿಯೇ ಮುಖ್ಯವಾದ ಬೆಳೆಯೆಂಬುದು ಸರ್ವರಿಗೂ ತಿಳಿದ ವಿಷಯವಾಗಿದೆ. ಮುದ್ದೆಯನ್ನುಂಡು ಬೆಳೆದ ಸೀಮೆಯ ಜನರು ದೃಢಕಾಯರಾಗಿರಬೇಕೆಂದು ಎಣಿಸುವುದೂ ಸಹಜವೇ. ಆದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳ ಪೈಕಿ ನೂರಕ್ಕೆ 65ಕ್ಕೂ ಹೆಚ್ಚು ಮಂದಿಯಲ್ಲಿಯೂ, 15ರಿಂದ 49 ವರ್ಷದ ಸ್ತ್ರೀಯರ ಪೈಕಿ ನೂರಕ್ಕೆ ಸುಮಾರು 48 ಮಂದಿಯಲ್ಲಿಯೂ ರಕ್ತಹೀನತೆ ಕಂಡುಬಂದಿತು. ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35 ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ಕಣಜದಲ್ಲಿ ಧಾನ್ಯವಿದ್ದ ಮಾತ್ರಕ್ಕೆ ಮನೆಯವರ ಪುಷ್ಟಿಗೆ ಸಾಕಾಗದೆಂಬುದು ಇದರಿಂದ ವಿಶದವಾಗುತ್ತದೆ.

ರಾಗಿಯ ಗುಣಗಳನ್ನು ಮೊದಲು ವಿಚಾರಿಸೋಣ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿರುತ್ತದೆ. ಪಾಲಿಷ್ ಮಾಡಿದ ಅಕ್ಕಿಯಲ್ಲಿ ಅದು 10 ಮಿಲಿಗ್ರಾಂ ಆಸುಪಾಸಿಗೆ ಮೀರದು. ಮೂಳೆಗಳ ಬಲಕ್ಕೆ ರಾಗಿಯಂಥ ಧಾನ್ಯ ಬೇರೊಂದಿಲ್ಲ. ಆದರೆ ರಾಗಿಯಲ್ಲಿ ಸಸಾರಜನಕವು ನೂರಕ್ಕೆ ಸುಮಾರು 7 ಪಾಲು ಮಾತ್ರ. ಅದರಲ್ಲಿರುವ ಕಬ್ಬಿಣದ ಅಂಶವಾದರೋ ಫೈಟೇಟ್ ಮುಂತಾದ ಪದಾರ್ಥಗಳಿಂದ ಬಂಧಿಸಲ್ಪಟ್ಟು ರಕ್ತಕ್ಕೆ ಪೂರ್ತಿಯಾಗಿ ಸೇರುವುದಿಲ್ಲ. ಅವರೆ, ತೊಗರಿ, ಹುರುಳಿಗಳಲ್ಲಿ ಸಸಾರಜನಕವು ನೂರಕ್ಕೆ 20ರ ಮೇಲಿದ್ದು, ರಾಗಿಯಲ್ಲಿ ಕೊರತೆಯಾದ ಅಂಶವನ್ನು ಇವು ತುಂಬಿಕೊಡುತ್ತವೆ. ಮುದ್ದೆಗೆ ಅವರೆಕಾಳಿನ ಸಾರೂ ಸೊಪ್ಪಿನ ಹುಳಿಯೂ ಜೊತೆಯಾದ ಹಿರಿಯರ ಪದ್ಧತಿಯು ಶಾಸ್ತ್ರಸಮ್ಮತವೇ ಆಗಿದೆ.

ಹಿಂದೆ ಈ ಜೊತೆಯು ಹೊಲದಲ್ಲಿಯೇ ಏರ್ಪಡುತ್ತಿತ್ತು. ರಾಗಿಯ ನಡುವೆ ಅಕ್ಕಡಿ ಸಾಲುಗಳಲ್ಲಿ ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆಗಳನ್ನು ಹಾಕುತ್ತಿದ್ದರು. ಒಂದೇ ಹೊಲದಿಂದ ಹಿಟ್ಟೂ ಬೇಳೆಯೂ ಎಣ್ಣೆಯೂ ಮನೆಗೆ ಬರುತ್ತಿದ್ದುವು. ಕಾಲಕ್ರಮದಲ್ಲಿ ಅನೇಕ ಜಮೀನುಗಳು ನೀಲಗಿರಿಯ ತೋಪುಗಳಾದುವು. 2017ರಲ್ಲಿ ಸರ್ಕಾರವು ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಬೇಕಾಯಿತು. ಉಳಿದ ಹೊಲಗಳಲ್ಲಿಯೂ ಕೂಲಿಯ ಅಭಾವದಿಂದ ಯಂತ್ರದ ಕೊಯ್ಲು ಬಂದು, ಅಕ್ಕಡಿ ಸಾಲು ಅಡ್ಡಿಯೆಂದು ತೋರತೊಡಗಿತು.

ವಿಶ್ವವಿದ್ಯಾನಿಲಯದ ನೆರವು ಬೇಕಾಗುವುದು ಈ ಸ್ಥಳದಲ್ಲಿ. ರಾಗಿಯ ಸಂಶೋಧನೆ ಈ ಸೀಮೆಗೆ ಹೊಸದಲ್ಲ. ಡಾಕ್ಟರ್ ಲೆಸ್ಲಿ ಕೋಲ್ಮನ್ ಅವರು ಮೈಸೂರು ಸಂಸ್ಥಾನದ ವ್ಯವಸಾಯ ಇಲಾಖೆಯ ಡೈರೆಕ್ಟರರಾಗಿದ್ದ ಕಾಲದಲ್ಲಿಯೇ ಹೆಬ್ಬಾಳದ ಕ್ಷೇತ್ರದಲ್ಲಿ ರಾಗಿಯ ಪರೀಕ್ಷೆಗಳು ನಡೆದುವು. ತರುವಾಯ ಮಂಡ್ಯದ ವಿ. ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ದೇಶೀಯ ತಳಿಗಳನ್ನು ಆಫ್ರಿಕದ ತಳಿಗಳೊಡನೆ ಸಂಕರಗೊಳಿಸಿ ಇಂಡಾಫ್ ರಾಗಿಗಳನ್ನು ಒದಗಿಸಿದರು. 1964ರಲ್ಲಿ ಸ್ಥಾಪಿತವಾದ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದಿಂದ ಬೆಂಕಿರೋಗವನ್ನು ತಡೆಯಬಲ್ಲ ಜಿ.ಪಿ.ಯು.-28 ರಾಗಿಯೂ, ಹಗಲಿನ ದೀರ್ಘತೆಯನ್ನು ಲೆಕ್ಕಿಸದೆ ಎಲ್ಲ ಕಾಲದಲ್ಲಿಯೂ ಹೂಬಿಡುವ ಹೆಬ್ಬಾಳ ಅವರೆಯ ತಳಿಗಳೂ ಬಂದುವು. ನಾಡ ಅವರೆಯು ಚಳಿಗಾಲದಲ್ಲಿ ಮಾತ್ರ ಕಾಯಿಬಿಡುವುದರಿಂದ, ಇದು ಅಡಿಗೆಮನೆಗೆ ಸಾಮಾನ್ಯವಾದ ಲಾಭವಲ್ಲ.

ಈ ವಿಶ್ವವಿದ್ಯಾನಿಲಯಕ್ಕೆ ಸೇರಿದ ಕೃಷಿ ವಿಜ್ಞಾನ ಕೇಂದ್ರವು ದೊಡ್ಡಬಳ್ಳಾಪುರ ತಾಲ್ಲೂಕಿನ ಹಾಡೋನಹಳ್ಳಿಯಲ್ಲಿದೆ. ಇಂಥ ಕೇಂದ್ರಗಳು ರೈತರ ಹೊಲಗಳಲ್ಲಿಯೇ ಪ್ರಾತ್ಯಕ್ಷಿಕೆಗಳನ್ನು ನಡೆಯಿಸುವುವು. ಪೌಷ್ಟಿಕ ಕೈತೋಟ, ಧಾನ್ಯಗಳ ಸಂಸ್ಕರಣ ಮುಂತಾದವುಗಳಲ್ಲಿ ಸ್ತ್ರೀಯರಿಗೆ ಶಿಕ್ಷಣ ಕೊಡುವುವು. ವಿಶ್ವವಿದ್ಯಾನಿಲಯದ ಅಂತಿಮ ವರ್ಷದ ವಿದ್ಯಾರ್ಥಿಗಳೂ ಕೆಲವು ತಿಂಗಳು ಗ್ರಾಮಗಳಲ್ಲಿ ವಾಸವಾಗಿದ್ದು ರೈತರ ಅನುಭವವನ್ನು ಕಲಿಯುತ್ತಾರೆ. ಆದರೆ ಗ್ರಾಮದವರು ಮುಂದಾಗಿ ಕರೆಯದಿದ್ದರೆ, ಇವೆಲ್ಲವೂ ಬಂದುಹೋದ ಜಾತ್ರೆಯಂತೆ ಆಗುವುದು.

ಆದಕಾರಣ ಗ್ರಾಮದ ಮುಖಂಡರೂ ಭೂಮಾಲೀಕರೂ ಮಾಡತಕ್ಕ ಕೆಲಸಗಳು ಕೆಲವುಂಟು. ಮೊದಲನೆಯದಾಗಿ, ದಾರಿಯ ಪಕ್ಕದ ಒಂದು ತುಂಡು ಜಮೀನನ್ನು ಪ್ರಾತ್ಯಕ್ಷಿಕೆಗೆ ಬಿಟ್ಟುಕೊಟ್ಟು, ಎಂಟು ಸಾಲು ರಾಗಿಗೆ ಒಂದು ಸಾಲು ಅವರೆ ಅಥವಾ ಎರಡು ಸಾಲು ತೊಗರಿ ಹಾಕಿಸಿ, ಎಲ್ಲರೂ ನೋಡುವಂತೆ ಮಾಡಬೇಕು. ಯಂತ್ರದಿಂದ ಕೊಯ್ಯಿಸುವವರು ಹೊಲದ ಅಂಚಿನ ಒಂದು ಪಟ್ಟಿಯನ್ನಾದರೂ ಕಾಳುಗಳಿಗೆ ಮೀಸಲಿಡಬಹುದು. ಎರಡನೆಯದಾಗಿ, ಅಂಗನವಾಡಿಯ ಬಳಿಯಲ್ಲಿಯೂ ಬಚ್ಚಲ ನೀರು ಹರಿಯುವ ಕಡೆಯಲ್ಲಿಯೂ ನುಗ್ಗೆ, ದಂಟು, ಬಸಳೆ, ಪರಂಗಿ, ನಿಂಬೆಗಳಿಗೆ ಸ್ಥಳ ಕೊಡಬೇಕು. ನಿಂಬೆಯ ಹುಳಿಯಲ್ಲಿರುವ ಜೀವಸತ್ವವು ಕಬ್ಬಿಣದ ಅಂಶ ರಕ್ತಕ್ಕೆ ಸೇರಲು ಸಹಾಯಕ. ಊಟದೊಡನೆ ಕಾಫಿ, ಚಹ ಕುಡಿಯುವುದು ಅದಕ್ಕೆ ಪ್ರತಿಕೂಲ. ರಾಗಿಯನ್ನು ಮೊಳಕೆ ಕಟ್ಟಿ, ಒಣಗಿಸಿ, ಹುರಿದು ಹಿಟ್ಟುಮಾಡಿದರೆ ಫೈಟೇಟ್ ಇಳಿಯುವುದರಿಂದ, ಆರು ತಿಂಗಳು ತುಂಬಿದ ಶಿಶುವಿಗೆ ತಾಯಿಯ ಹಾಲಿನ ಜೊತೆಗೆ ಅದರ ಗಂಜಿಯು ಹಿತವಾಗಿರುತ್ತದೆ.

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದುದು. ಬಿತ್ತನೆಯ ಕಾಳನ್ನು ಬೂದಿ ಬೆರಸಿ ಜೋಪಾನಮಾಡುವವರೂ, ಯಾವ ಕಾಳು ಬೇಗ ಬೇಯುವುದೆಂದು ಬಲ್ಲವರೂ, ಕಡೆಯಲ್ಲಿ ಉಳಿದುದನ್ನು ಉಣ್ಣುವವರೂ ಮನೆಯ ಹೆಂಗಸರೇ. ಅವರನ್ನು ಹೊರಗಿಟ್ಟು ನಡೆಯುವ ಸಭೆಯಿಂದ ಹೊಲ ಬದಲಾದರೂ ತಣಿಗೆ ಬದಲಾಗದು. ಕೇಂದ್ರದವರು ಬಂದಾಗ ಅವರನ್ನು ಮೊದಲು ಕರೆಯಬೇಕು. ಹೊಸ ತಳಿ ರುಚಿಸದಿದ್ದರೆ, ಮಳೆ ತಪ್ಪಿ ಪ್ರಯೋಗ ಕೆಟ್ಟರೆ, ಆ ಸಂಗತಿಯನ್ನೂ ಮುಚ್ಚಿಡದೆ ತಿಳಿಸಬೇಕು. ಸೋತ ಬೆಳೆಯ ಲೆಕ್ಕವು ಸಂಶೋಧಕರಿಗೆ ಗೆದ್ದ ಬೆಳೆಯ ಲೆಕ್ಕದಷ್ಟೇ ಉಪಯುಕ್ತ.

ಮುಂಗಾರು ಬಿತ್ತನೆಗೆ ಮುಂಚೆ ಹಾಡೋನಹಳ್ಳಿಯ ಕೇಂದ್ರದವರೊಡನೆ ಒಂದು ಮಾತುಕತೆ ನಡೆಸಿದ ಗ್ರಾಮದಲ್ಲಿ, ಸಂಕ್ರಾಂತಿಯ ಹೊತ್ತಿಗೆ ರಾಗಿಯ ಮೆದೆಯೊಡನೆ ಅವರೆಯ ಕಾಳೂ ಮನೆ ಸೇರಿರುತ್ತದೆ. ಆ ಕಾಳಿನಲ್ಲಿ ಒಂದು ಪಾಲು ಮಾರುಕಟ್ಟೆಗೆ ಹೋಗದೆ ಮಕ್ಕಳ ತಣಿಗೆಗೆ ಬಂದರೆ, ಶ್ರಮವು ಸಾರ್ಥಕವಾಯಿತೆಂದು ತಿಳಿಯತಕ್ಕದ್ದು.