ಹುಳಿ ಮಣ್ಣಿಗೆ ಮೊದಲು ಸುಣ್ಣ, ಆಮೇಲೆ ಗೊಬ್ಬರ

ಗೊಬ್ಬರಕ್ಕೆ ಹಣ ಸುರಿದರೂ ಬೆಳೆ ಮೇಲೇಳುತ್ತಿಲ್ಲ ಎಂಬುದು ಮಲೆನಾಡು ಮತ್ತು ಕರಾವಳಿಯ ಅನೇಕ ರೈತರ ದೂರು. ನಿಮ್ಮದೂ ಅದೇ ದೂರಾಗಿದ್ದರೆ ಇನ್ನೊಂದು ಚೀಲ ಗೊಬ್ಬರ ತರುವ ಮೊದಲು ಮಣ್ಣಿನ ಹುಳಿ ಎಷ್ಟಿದೆಯೆಂದು ವಿಚಾರಿಸಿ.

ಕೊಡಗು, ಚಿಕ್ಕಮಗಳೂರು, ಶಿವಮೊಗ್ಗ, ಉತ್ತರ ಕನ್ನಡ, ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ ಮಳೆ ಹೆಚ್ಚಿರುವ ಕಡೆ ಮಣ್ಣಿನ ಸುಣ್ಣ, ಮೆಗ್ನೀಷಿಯಂ ಅಂಶಗಳು ನೀರಿನೊಂದಿಗೆ ತೊಳೆದುಹೋಗುತ್ತವೆ. ಕಬ್ಬಿಣ, ಅಲ್ಯೂಮಿನಿಯಂ ಉಳಿಯುತ್ತವೆ. ಪಿ.ಎಚ್. ಎಂದು ಬರೆಯುವ ರಸಸಾರ 5.5ಕ್ಕಿಂತ ಕೆಳಗಿಳಿದರೆ ಅಲ್ಯೂಮಿನಿಯಂ ಕರಗಿ ಬೇರಿನ ತುದಿಯನ್ನು ಕೆಡಿಸುತ್ತದೆ. ನೀವು ಹಾಕಿದ ಸೂಪರ್ ಫಾಸ್ಫೇಟಿನ ರಂಜಕವನ್ನು ಈ ಎರಡು ಲೋಹಗಳು ಹಿಡಿದಿಟ್ಟುಕೊಳ್ಳುತ್ತವೆ. ರಂಜಕ ಮಣ್ಣಿನಲ್ಲೇ ಇರುತ್ತದೆ, ಗಿಡಕ್ಕೆ ಮಾತ್ರ ದಕ್ಕುವುದಿಲ್ಲ. ರಸಸಾರ 6ರಿಂದ 7ರ ನಡುವೆ ಇದ್ದಾಗ ಅದು ಚೆನ್ನಾಗಿ ದೊರೆಯುತ್ತದೆ. 5 ಮತ್ತು 6ಕ್ಕೆ ಒಂದೇ ಅಂಕಿಯ ಅಂತರವೆಂದು ಉಪೇಕ್ಷಿಸಬೇಡಿ, ಹುಳಿಯಲ್ಲಿ ಅದು ಹತ್ತುಪಟ್ಟು.

ಗೊಬ್ಬರವೂ ಹುಳಿ ಹೆಚ್ಚಿಸುತ್ತದೆ. 100 ಕಿಲೋ ಅಮೋನಿಯಂ ಸಲ್ಫೇಟ್ ತರುವ ಹುಳಿಯನ್ನು ಕಳೆಯಲು ಸುಮಾರು 110 ಕಿಲೋ ಸುಣ್ಣಕಲ್ಲಿನ ಪುಡಿ ಬೇಕು!

ಹಾಗೆಂದು ಅಂದಾಜಿನ ಮೇಲೆ ಸುಣ್ಣ ಎರಚುವುದು ಸರಿಯಲ್ಲ. ರಸಸಾರ ಒಂದೇ ಇದ್ದರೂ ಮರಳು ಮಣ್ಣಿಗಿಂತ ಜೇಡಿ ಮಣ್ಣು ಹೆಚ್ಚು ಸುಣ್ಣ ಬೇಡುತ್ತದೆ. ಅತಿಯಾದರೆ ಸತು, ಬೋರಾನ್ ಗಿಡಕ್ಕೆ ಸಿಗದಂತಾಗುತ್ತವೆ. ಪ್ರಯೋಗಾಲಯ ಹೇಳಿದ ಪ್ರಮಾಣವನ್ನೇ ಹಾಕಿ. ಸುಣ್ಣದ ಜಾತಿಯನ್ನೂ ನೋಡಿ: 100 ಕಿಲೋ ಸುಣ್ಣಕಲ್ಲಿನ ಪುಡಿಯ ಕೆಲಸವನ್ನು 56 ಕಿಲೋ ಶುದ್ಧವಾದ ಸುಟ್ಟ ಸುಣ್ಣ ಮಾಡುತ್ತದೆ. ದೂರದಿಂದ ಸಾಗಿಸುವವರಿಗೆ ಈ ಲೆಕ್ಕ ಮುಖ್ಯ. ಮೆಗ್ನೀಷಿಯಂ ಕೊರತೆಯೂ ಇದ್ದರೆ ಡೋಲೋಮೈಟ್ ಮೇಲು.

ಮಣ್ಣು ಹಸಿಯಾಗಿರುವಾಗ ಸುಣ್ಣ ಹರಡಿ, ಬೇರಿಗೆ ಪೆಟ್ಟಾಗದಂತೆ ಬೆರೆಸಿ. ಯೂರಿಯಾ, ಅಮೋನಿಯಂ ಸಲ್ಫೇಟ್ ಜೊತೆಗೆ ಎಂದೂ ಹಾಕಬೇಡಿ. ಸಾರಜನಕ ಗಾಳಿಗೆ ಹಾರಿಹೋಗುತ್ತದೆ. ಎರಡು ಮೂರು ವಾರ ಬಿಟ್ಟು ಗೊಬ್ಬರ ಕೊಡಿ.

ಕಾಫಿ, ಅಡಿಕೆಯಂಥ ಬಹುವರ್ಷದ ಬೆಳೆಗೆ ರಾಕ್ ಫಾಸ್ಫೇಟ್ ಎಂಬ ಶಿಲಾರಂಜಕ ಹೊಂದುತ್ತದೆ. ಹುಳಿಯೇ ಅದನ್ನು ನಿಧಾನವಾಗಿ ಕರಗಿಸುತ್ತದೆ. ಇದನ್ನೂ ಸುಣ್ಣವನ್ನೂ ಒಟ್ಟಿಗೆ ಹಾಕಿದರೆ ಶಿಲಾರಂಜಕ ಕರಗುವುದು ಕಡಿಮೆಯಾಗುತ್ತದೆ. ಕೊಟ್ಟಿಗೆ ಗೊಬ್ಬರ, ಸೊಪ್ಪು ಎಷ್ಟು ಹಾಕಿದರೂ ಒಳ್ಳೆಯದೇ. ಅವು ಅಲ್ಯೂಮಿನಿಯಂನ ಕಾಟ ತಗ್ಗಿಸುತ್ತವೆ.

ಭತ್ತದ ಗದ್ದೆಯ ಮಾತು ಬೇರೆ. ನೀರು ನಿಂತ ಕೆಲವು ವಾರಗಳಲ್ಲಿ ರಸಸಾರ ತಾನಾಗಿ ಮೇಲೇರಿ, ಕಬ್ಬಿಣ ಹಿಡಿದಿದ್ದ ರಂಜಕ ಸ್ವಲ್ಪ ಬಿಡುಗಡೆಯಾಗುತ್ತದೆ. ಆದರೆ ನೀರಿನ ಮೇಲೆ ತುಕ್ಕು ಬಣ್ಣದ ಕೆನೆ ಕಟ್ಟಿ, ಎಲೆಯಲ್ಲಿ ಕಂದು ಚುಕ್ಕೆ ಮೂಡಿದರೆ ಕಬ್ಬಿಣದ ನಂಜು ಇರಬಹುದು. ಆಗ ಮೊದಲು ನೀರು ಬಸಿಯಿರಿ.

2015ರಿಂದ ಕೊಡುತ್ತಿರುವ ಮಣ್ಣು ಆರೋಗ್ಯ ಚೀಟಿ ನಿಮ್ಮಲ್ಲಿದ್ದರೆ ರಸಸಾರದ ಸಾಲು ಓದಿಸಿ ನೋಡಿ. ಇಲ್ಲದಿದ್ದರೆ ಗೊಬ್ಬರ, ಸುಣ್ಣ ಹಾಕುವ ಮೊದಲೇ ಹತ್ತಾರು ಕಡೆಯ ಮಣ್ಣು ತೆಗೆದು, ಬೆರೆಸಿ, ನೆರಳಿನಲ್ಲಿ ಒಣಗಿಸಿ, ಅರ್ಧ ಕಿಲೋದಷ್ಟನ್ನು ಕೃಷಿ ಇಲಾಖೆಯ ಪರೀಕ್ಷಾ ಕೇಂದ್ರಕ್ಕೆ ಕೊಡಿ. ತಿಪ್ಪೆಯ ಬಳಿಯ ಮಣ್ಣು ಬೇಡ. ಯಾವ ಬೆಳೆಯೆಂದು ಚೀಟಿಯಲ್ಲಿ ಬರೆಯಿರಿ, ಸುಣ್ಣದ ಪ್ರಮಾಣವನ್ನು ಕೇಳಿಯೇ ಬನ್ನಿ.